ಗಂಟೆಗಟ್ಟಲೆ ಹಾಕಿಕೊಂಡರೂ ಕಿವಿ ನೋಯದ ಹೆಡ್‌ಫೋನ್ ಯಾವುದು? ಕಲಬುರಗಿ ಬಿಸಿಲಲ್ಲಿ ಕೂತು ಬರೆದದ್ದು

ನನ್ನ ಕೆಲಸವೇ ಕೇಳುವುದು. ಯಾರೋ ಮಾತಾಡಿದ ರೆಕಾರ್ಡಿಂಗ್ ಬರುತ್ತದೆ, ಅದನ್ನು ಕೇಳಿ ಕೇಳಿ ಕನ್ನಡದಲ್ಲಿ ಟೈಪ್ ಮಾಡಿ ಕಳಿಸಬೇಕು. ಒಂದು ಗಂಟೆಯ ಮಾತು ಟೈಪ್ ಆಗೋಕೆ ನಾಲ್ಕೈದು ಗಂಟೆ ಬೇಕು. ಹಾಗಾಗಿ ದಿನಕ್ಕೆ ಆರೇಳು ಗಂಟೆ ನನ್ನ ತಲೆ ಮೇಲೆ ಹೆಡ್‌ಫೋನ್ ಇರುತ್ತದೆ. ಹಾಡು ಕೇಳೋರು ಬೇಜಾರಾದರೆ ತೆಗೆದಿಡಬಹುದು. ನನಗೆ ಆ ಅನುಕೂಲ ಇಲ್ಲ.

ಒಂದು ಮೇ ತಿಂಗಳ ಮಧ್ಯಾಹ್ನ. ಹೊರಗೆ 43 ಡಿಗ್ರಿ. ಕೂಲರ್ ಓಡುತ್ತಿತ್ತು, ಆದರೂ ಕಿವಿ ಮಾತ್ರ ಒಲೆ ಪಕ್ಕ ಇಟ್ಟ ಹಾಗಿತ್ತು. ಹೆಡ್‌ಫೋನ್ ತೆಗೆದರೆ ಕುಶನ್ ಒದ್ದೆ. ಅದರ ಮೇಲಿನ ಕಪ್ಪು ಪದರ ಎದ್ದು ಸಣ್ಣ ಸಣ್ಣ ಚೂರಾಗಿ ಕೆನ್ನೆಗೆ, ಕಿವಿ ಹಿಂದೆ ಅಂಟಿಕೊಂಡಿತ್ತು. ಅವ್ವ ನೀರು ಕೊಡಲಿಕ್ಕೆ ಬಂದವರು ನೋಡಿ, "ಕಿವಿ ಎಷ್ಟು ಕೆಂಪಗ ಆಗ್ಯಾವ ನೋಡು, ಮೊದಲ ತಗಿ ಅದನ್ನ" ಅಂದರು. ಅವತ್ತು ಸಂಜೆ ಕೂತು ಯೋಚನೆ ಮಾಡಿದೆ. ನಾನು ಇಷ್ಟು ದಿನ ಹೆಡ್‌ಫೋನ್ ಕೊಂಡಿದ್ದು ಸೌಂಡ್ ನೋಡಿ, ಬ್ಯಾಟರಿ ನೋಡಿ, ರೇಟು ನೋಡಿ. ಮೂರನೇ ಗಂಟೆಯಲ್ಲಿ ಕಿವಿಗೆ ಏನಾಗುತ್ತದೆ ಅಂತ ನೋಡಿರಲಿಲ್ಲ.

ಸೌಂಡ್ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ನಾನು ಇಲ್ಲಿ ಆ ಮೂರನೇ ಗಂಟೆ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಕಡೆಯವರು, ಅಂದರೆ ಕಲಬುರಗಿ, ಬೀದರ, ಯಾದಗಿರಿ ಕಡೆ ವರ್ಷದಲ್ಲಿ ನಾಲ್ಕು ತಿಂಗಳು ಕೂಲರ್ ಮುಂದೆ ಬದುಕೋರು, ಹೆಡ್‌ಫೋನ್ ಆರಿಸುವಾಗ ಮೊದಲು ನೋಡಬೇಕಾದ್ದು ತಾವು ಕೂರುವ ಕೋಣೆಯನ್ನು. ಆಮೇಲೆ ನಿಮ್ಮ ಕಿವಿ, ನಿಮ್ಮ ತಲೆ. ಕಂಪನಿ ಹೆಸರು ಎಲ್ಲಕ್ಕಿಂತ ಕೊನೆಗೆ.

ನೋವು ಎಲ್ಲಿ ಶುರುವಾಗುತ್ತದೆ

ಒಂದ್ಸಲ ಗಮನ ಇಟ್ಟು ನೋಡಿ. ನೋವು ಎಲ್ಲರಿಗೂ ಒಂದೇ ಜಾಗದಲ್ಲಿ ಬರೋದಿಲ್ಲ. ಕೆಲವರಿಗೆ ನಡುನೆತ್ತಿಯಲ್ಲಿ, ಬೆರಳಿಟ್ಟು ಒತ್ತಿದ ಹಾಗೆ. ಇದು ತೂಕದಿಂದ, ಮತ್ತು ತಲೆಪಟ್ಟಿಯ ಮೆತ್ತೆ ತೆಳುವಾಗಿರೋದರಿಂದ. ಕೆಲವರಿಗೆ ದವಡೆ ಕೀಲಿನ ಮೇಲೆ, ಕಿವಿ ಮುಂದೆ. ಇದು ಎರಡೂ ಕಡೆಯಿಂದ ಅದುಮುವ ಬಿಗಿಯಿಂದ. ಇನ್ನು ಕೆಲವರಿಗೆ ಕಿವಿಯ ಅಂಚು ಉರಿಯುತ್ತದೆ. ಕಪ್ಪಿನೊಳಗೆ, ಅಂದರೆ ಹೆಡ್‌ಫೋನಿನಲ್ಲಿ ಕಿವಿ ಕೂರುವ ಬಟ್ಟಲಿನೊಳಗೆ, ಕಿವಿಗೆ ಜಾಗ ಸಾಲದೆ ಅಂಚು ಮಡಚಿಕೊಂಡಿರುತ್ತದೆ, ಅಥವಾ ಒಳಗಿನ ಸ್ಪೀಕರ್ ಮೇಲಿನ ತೆಳು ಬಟ್ಟೆಗೆ ತಾಗುತ್ತಿರುತ್ತದೆ. ಅರ್ಧ ಗಂಟೆ ಏನೂ ಗೊತ್ತಾಗೋದಿಲ್ಲ. ಎರಡು ಗಂಟೆ ಆದಮೇಲೆ ಅದೊಂದೇ ಜಾಗ ಬೆಂಕಿ.

ನಾಲ್ಕನೆಯದು ಸೆಖೆ. ನಮ್ಮಲ್ಲಿ ಉಳಿದ ಮೂರನ್ನೂ ಹೆಚ್ಚು ಮಾಡೋದು ಇದೇ. ಬೆವರಿದ ಚರ್ಮ ಬೇಗ ಉಜ್ಜಿಹೋಗುತ್ತದೆ, ನೆನೆದ ಕುಶನ್ ಜಾರುತ್ತದೆ, ಜಾರಿದ್ದನ್ನು ಸರಿಮಾಡಲು ನಾವು ಪಟ್ಟಿ ಇನ್ನೂ ಬಿಗಿ ಮಾಡುತ್ತೇವೆ. ಅಲ್ಲಿಗೆ ದವಡೆ ನೋವು ಶುರು.

ನಿಮಗೆ ಹಳೆಯ ಹೆಡ್‌ಫೋನ್ ಇದ್ದರೆ ನಾಳೆ ಎರಡು ಗಂಟೆ ಹಾಕಿಕೊಂಡು, ಮೊದಲು ಎಲ್ಲಿ ನೋಯಿತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಅಂಗಡಿಗೆ ಹೋಗುವಾಗ ಆ ಚೀಟಿ ಯಾವ ರಿವ್ಯೂಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಕಿವಿ ಸುತ್ತ, ಕಿವಿ ಮೇಲೆ, ಕಿವಿ ಒಳಗೆ

ಕಿವಿಯನ್ನು ಪೂರ್ತಿ ಸುತ್ತುವರಿದು ಕೂರೋದು ಓವರ್ ಇಯರ್. ಒತ್ತಡ ಬೀಳೋದು ಕಿವಿ ಸುತ್ತಲಿನ ಎಲುಬಿನ ಮೇಲೆ, ಕಿವಿ ಮೇಲಲ್ಲ. ತಾಸುಗಟ್ಟಲೆ ಕೆಲಸಕ್ಕೆ ಮೊದಲು ನೋಡಬೇಕಾದ್ದು ಇದನ್ನೇ. ಆದರೆ ಹೆಚ್ಚಿನವುಗಳಲ್ಲಿ ಗಾಳಿ ಆಡೋದಿಲ್ಲ, ಕಿವಿ ಬೆಚ್ಚಗಾಗುತ್ತದೆ.

ಕಿವಿ ಮೇಲೆ ನೇರ ಒತ್ತಿ ಕೂರೋದು ಆನ್ ಇಯರ್. ಹಗುರ, ಸೆಖೆ ಕಡಿಮೆ, ಕಡಿಮೆ ದುಡ್ಡಿಗೂ ಸಿಗುತ್ತದೆ. ಸೋನಿಯ ಡಬ್ಲ್ಯೂಎಚ್-ಸಿಎಚ್520 ಬರೀ 147 ಗ್ರಾಂ, ಒಂದು ಚಾರ್ಜಿಗೆ 50 ಗಂಟೆ ಅನ್ನುತ್ತಾರೆ. ಇಷ್ಟು ಕೇಳಿದರೆ ಇದೇ ಸಾಕಲ್ವಾ ಅನಿಸುತ್ತದೆ. ಆದರೆ ಈ ಬಗೆಯಲ್ಲಿ ಯಾವ ಕಂಪನಿಯದ್ದಾದರೂ ಕಿವಿಯ ಮೆದು ಎಲುಬು ಮೆತ್ತೆಗೂ ತಲೆಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಒಂದು ಗಂಟೆಯ ಕ್ಲಾಸಿಗೆ ಸರಿ. ಆರು ಗಂಟೆಗೆ ನನ್ನ ಕಿವಿ ಒಪ್ಪಲಿಲ್ಲ. ಕೆಲವರ ಕಿವಿ ತಲೆಗೆ ಅಂಟಿಕೊಂಡಂತೆ ಚಪ್ಪಟೆಯಾಗಿರುತ್ತದೆ, ಅವರಿಗೆ ಏನೂ ಆಗೋದಿಲ್ಲ. ನನ್ನ ತಮ್ಮ ಅಂಥವನು. ದಿನವಿಡೀ ಹಾಕಿಕೊಂಡೇ ಇರುತ್ತಾನೆ.

ಈ ಬಗೆಯಲ್ಲಿ ಒಂದನ್ನು ಮಾತ್ರ ಬೇರೆಯಾಗಿ ಹೇಳಬೇಕು, ಕಾಸ್ ಕಂಪನಿಯ ಪೋರ್ಟಾ ಪ್ರೊ. 1984ರಲ್ಲಿ ಬಂದ ಮಾಡೆಲ್ಲು, ರೂಪ ಹೆಚ್ಚು ಬದಲಾಗದೆ ಇವತ್ತಿಗೂ ಮಾರಾಟವಾಗುತ್ತಿದೆ. ಕಿವಿಯ ಮೇಲ್ಭಾಗದಲ್ಲಿ, ಕಣತಲೆ ಹತ್ತಿರ, ಇದಕ್ಕೆ ಇನ್ನೊಂದು ಸಣ್ಣ ಮೆತ್ತೆ ಇದೆ. ಒಂದು ಗುಂಡಿ ಸರಿಸಿದರೆ ಭಾರ ಕಿವಿಯಿಂದ ಆ ಮೆತ್ತೆಗೆ ಹೋಗುತ್ತದೆ. ಕಿವಿ ಮೇಲೆ ತೆಳು ಸ್ಪಂಜು ಸುಮ್ನೆ ಕೂತಿರುತ್ತದೆ ಅಷ್ಟೆ. ಗಾಳಿಯೂ ಆಡುತ್ತದೆ. ಸ್ಪಂಜು ಹಾಳಾದರೆ ಬದಲಿಸಬಹುದು. ಸೆಖೆಗಾಲಕ್ಕೆ ಇಷ್ಟು ಒಳ್ಳೆಯ ಉಪಾಯವನ್ನು ನಲವತ್ತು ವರ್ಷದ ಹಿಂದೆಯೇ ಮಾಡಿದ್ದಾರೆ ಅನ್ನೋದು ನನಗೆ ಖುಷಿ ಕೊಡುತ್ತದೆ.

ಕಿವಿಯೊಳಗೆ ರಬ್ಬರ್ ತುದಿ ತೂರಿಸೋದು ಇನ್ ಇಯರ್. ತಲೆ ಮೇಲೆ ಭಾರ ಇಲ್ಲ, ಕೆನ್ನೆಗೆ ಸೆಖೆ ಇಲ್ಲ. ನೆಕ್‌ಬ್ಯಾಂಡ್ ಆದರೆ ಕಳೆದುಹೋಗುವ ಭಯವೂ ಇಲ್ಲ, ಅದಕ್ಕೇ ನಮ್ಮ ಕಡೆ ಹುಡುಗರ ಕೊರಳಲ್ಲೆಲ್ಲ ಅದೇ ಕಾಣುತ್ತದೆ. ಆದರೆ ಕಿವಿಯ ಓಣಿ ಮುಚ್ಚಿಹೋಗುತ್ತದೆ. ಒಳಗಿನ ತೇವ ಆರೋದಿಲ್ಲ, ಗುಗ್ಗೆ ಒಳಕ್ಕೆ ತಳ್ಳಿಕೊಂಡು ಹೋಗುತ್ತದೆ, ಕೆಲವರಿಗೆ ನವೆ ಶುರುವಾಗುತ್ತದೆ. ನಿಮ್ಮ ಕಿವಿ ಸೋರುವ ಜಾತಿಯದಾದರೆ ಇದನ್ನು ತಾಸುಗಟ್ಟಲೆ ಹಾಕಲೇಬೇಡಿ, ಕಿವಿ ಡಾಕ್ಟರನ್ನು ಒಮ್ಮೆ ಕೇಳಿ. ಹಾಕೋದೇ ಆದರೆ ಡಬ್ಬಿಯಲ್ಲಿ ಬರುವ ಮೂರು ಅಳತೆಯ ತುದಿಗಳನ್ನೂ ಹಾಕಿ ನೋಡಿ. ಬಹಳ ಜನ ಡಬ್ಬಿಯಿಂದ ತೆಗೆದಾಗ ಯಾವುದು ಇತ್ತೋ ಅದನ್ನೇ ವರ್ಷಗಟ್ಟಲೆ ಬಳಸುತ್ತಾರೆ. ಎರಡು ಕಿವಿಗೆ ಎರಡು ಅಳತೆ ಬೇಕಾಗೋದೂ ಉಂಟು.

ಕೊನೆಯದು ಕಿವಿ ತೆರೆದೇ ಇರುವಂಥದ್ದು, ಎಲುಬಿನ ಮೂಲಕ ಕೇಳಿಸೋದು. ಶಾಕ್ಸ್ ಓಪನ್‌ರನ್ 26 ಗ್ರಾಂ, 8 ಗಂಟೆ ಬ್ಯಾಟರಿ. ಕಿವಿ ಮುಂದಿನ ಎಲುಬಿಗೆ ತಾಗಿ ಅದನ್ನು ನಡುಗಿಸುತ್ತದೆ, ಕಿವಿ ಪೂರ್ತಿ ಖಾಲಿ. ಸೆಖೆ ಇಲ್ಲ, ಬಾಗಿಲು ಬಡಿದದ್ದು ಕೇಳುತ್ತದೆ, ಕುಕ್ಕರ್ ಸೀಟಿ ಕೇಳುತ್ತದೆ. ಸದ್ದಿರುವ ಕೋಣೆಯಲ್ಲಿ ಮಾತ್ರ ಇದರಿಂದ ಏನೂ ಉಪಯೋಗ ಇಲ್ಲ. ನಮ್ಮ ಕೋಣೆಗಳಲ್ಲಿ ಸದ್ದು ಮಾಡೋದು ಯಾವುದು ಅಂತ ನಿಮಗೆ ಗೊತ್ತೇ ಇದೆ.

ಕೂಲರ್ ಇರುವ ಕೋಣೆ, ಇಲ್ಲದ ಕೋಣೆ

ಓವರ್ ಇಯರ್‌ನಲ್ಲಿ ಮತ್ತೆ ಎರಡು ಜಾತಿ. ಕಪ್ಪಿನ ಹಿಂಭಾಗ ಪೂರ್ತಿ ಮುಚ್ಚಿರೋದು ಕ್ಲೋಸ್ಡ್ ಬ್ಯಾಕ್. ಜಾಲರಿ ಇಟ್ಟು ತೆರೆದಿರೋದು ಓಪನ್ ಬ್ಯಾಕ್. ತಾಸುಗಟ್ಟಲೆ ಹಾಕೋರಿಗೆ ಓಪನ್ ಬ್ಯಾಕಿನಷ್ಟು ಸುಖ ಬೇರೆ ಇಲ್ಲ. ಗಾಳಿ ಆಡುತ್ತದೆ, ಕಿವಿ ಕಟ್ಟಿದ ಹಾಗೆ ಅನಿಸೋದಿಲ್ಲ, ದನಿ ತಲೆಯೊಳಗಲ್ಲ, ಎದುರು ಕೂತು ಯಾರೋ ಮಾತಾಡಿದ ಹಾಗೆ ಕೇಳುತ್ತದೆ. ಸೆನ್‌ಹೈಸರ್ ಎಚ್‌ಡಿ 560ಎಸ್ ಇಂಥದ್ದು, ವೈರ್ ಬಿಟ್ಟು 240 ಗ್ರಾಂ, ಮಖಮಲ್ಲಿನಂಥ ಕುಶನ್. ಫಿಲಿಪ್ಸ್ ಎಸ್‌ಎಚ್‌ಪಿ9500 ಕೂಡ ಇಂಥದ್ದೇ, ಬಟ್ಟೆಯ ಕುಶನ್, ಕಪ್ಪು ದೊಡ್ಡದು, ಫೋನಿಗೆ ನೇರ ಸಿಕ್ಕಿಸಿದರೂ ಸಾಕಷ್ಟು ಜೋರಾಗಿ ಕೇಳುತ್ತದೆ. 560ಎಸ್‌ನದು 120 ಓಮ್ (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ), ಫೋನಿನಲ್ಲಿ ಸ್ವಲ್ಪ ಮೆಲ್ಲಗೆ ಕೇಳಬಹುದು, ಲ್ಯಾಪ್‌ಟಾಪಿಗೆ ಪರವಾಗಿಲ್ಲ.

ಆದರೆ ಓಪನ್ ಬ್ಯಾಕ್ ಹಾಕಿಕೊಂಡು ಕೂಲರ್ ಹಚ್ಚಿ ನೋಡಿ. ಕಿಟಕಿಗೆ ಕೂರಿಸಿದ ತಗಡಿನ ಕೂಲರ್, ಒಳಗೆ ದೊಡ್ಡ ಫ್ಯಾನು, ಕೆಳಗೆ ಪಂಪಿನ ಗುರ್ ಗುರ್. ಆ ಸದ್ದೆಲ್ಲ ಸೀದಾ ಕಿವಿಗೆ ಬರುತ್ತದೆ. ಮಾತು ಕೇಳಿಸೋದಿಲ್ಲ ಅಂತ ನೀವು ವಾಲ್ಯೂಮ್ ಏರಿಸುತ್ತೀರಿ. ಎರಡು ಗಂಟೆ ಹಾಗೇ ಕೇಳಿದರೆ ಸಂಜೆ ತಲೆ ಸಿಡಿಯುತ್ತದೆ. ನನಗೆ ಬಹಳ ದಿನ ಹಾಗೆ ಆಗಿದೆ. ತಲೆನೋವು ಹೆಡ್‌ಫೋನಿನ ಬಿಗಿಯಿಂದ ಅಂದುಕೊಂಡಿದ್ದೆ. ಬಿಗಿ ಕಾರಣ ಆಗಿರಲಿಲ್ಲ, ವಾಲ್ಯೂಮ್ ಕಾರಣ.

ಇಲ್ಲಿ ಕೆಲಸಕ್ಕೆ ಬರೋದು ಸದ್ದು ಅಳಿಸುವ ಎಎನ್‌ಸಿ. ಇದು ಹೇಗೆ ಕೆಲಸ ಮಾಡುತ್ತದೆ ಅಂದರೆ, ಹೊರಗಿನ ಸದ್ದನ್ನು ಸಣ್ಣ ಮೈಕು ಹಿಡಿಯುತ್ತದೆ, ಆ ಅಲೆಗೆ ಸರಿಯಾಗಿ ಉಲ್ಟಾ ಅಲೆಯನ್ನು ಹೆಡ್‌ಫೋನ್ ಒಳಗೆ ನುಡಿಸುತ್ತದೆ, ಒಂದಕ್ಕೊಂದು ಹೊಡೆದುಕೊಂಡು ಎರಡೂ ಅಡಗುತ್ತವೆ. ಒಂದೇ ಸಮನೆ ಗುಂಯ್ ಅನ್ನುವ ದಪ್ಪ ಸದ್ದಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕಂದರೆ ಮುಂದಿನ ಅಲೆ ಹೇಗಿರುತ್ತದೆ ಅಂತ ಮೊದಲೇ ಅಂದಾಜು ಸಿಗುತ್ತದೆ. ಮಗು ಅತ್ತರೆ, ಪಾತ್ರೆ ಬಿದ್ದರೆ, ಓಣಿಯಲ್ಲಿ ಯಾರಾದರೂ ಕೂಗಿದರೆ ಅಷ್ಟು ಅಳಿಸೋದಿಲ್ಲ. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಈ ಯೋಚನೆ ಬಂದದ್ದು 1978ರಲ್ಲಿ, ಜ್ಯೂರಿಕ್‌ನಿಂದ ಬೋಸ್ಟನ್‌ಗೆ ವಿಮಾನದಲ್ಲಿ ಹೋಗುವಾಗ, ಎಂಜಿನ್ ಸದ್ದಿನಲ್ಲಿ ಹೆಡ್‌ಫೋನ್ ಸರಿಯಾಗಿ ಕೇಳದೆ ಇದ್ದಾಗ. ಪೈಲಟ್‌ಗಳಿಗೆ ಅವರ ಹೆಡ್‌ಸೆಟ್ ಮಾರಾಟಕ್ಕೆ ಬಂದದ್ದು 1989ರಲ್ಲಿ. ವಿಮಾನದ ಎಂಜಿನ್ನಿಗೂ ನಮ್ಮ ಕೂಲರ್ ಫ್ಯಾನಿಗೂ ಸದ್ದಿನ ಜಾತಿ ಒಂದೇ. ನಮ್ಮ ಕಡೆ ಮಧ್ಯಾಹ್ನ ಕೂತು ಕೇಳೋರಿಗೆ ಎಎನ್‌ಸಿ ಶೋಕಿ ಅಲ್ಲ. ಅದರಿಂದ ವಾಲ್ಯೂಮ್ ಕೆಳಗಿರುತ್ತದೆ, ಕಿವಿ ಉಳಿಯುತ್ತದೆ.

ಒಂದು ಎಚ್ಚರಿಕೆ. ಎಎನ್‌ಸಿ ಹಚ್ಚಿದ ಕೂಡಲೇ ಕೆಲವರಿಗೆ ಘಾಟಿ ಹತ್ತುವಾಗ ಕಿವಿ ಕಟ್ಟಿದ ಹಾಗೆ ಅನಿಸುತ್ತದೆ. ನನ್ನ ಅತ್ತಿಗೆಗೆ ಹತ್ತು ನಿಮಿಷವೂ ಆಗೋದಿಲ್ಲ. ಅಂಥವರು ಸದ್ದು ಅಳಿಸುವ ಮಟ್ಟವನ್ನು ಕಡಿಮೆ ಮಾಡಬಹುದಾದ ಮಾಡೆಲ್ ನೋಡಬೇಕು, ಇಲ್ಲವೇ ಎಎನ್‌ಸಿ ಇಲ್ಲದೆ ಹೊರಗಿನ ಸದ್ದು ತಡೆಯುವ ಕ್ಲೋಸ್ಡ್ ಬ್ಯಾಕ್. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಹಾಗಿದೆ, 270 ಗ್ರಾಂ, ಮುಚ್ಚಿದ ಕಪ್ಪು, ಆದರೆ ಮೆತ್ತೆ ಮಾತ್ರ ಮಖಮಲ್ಲಿನಂಥದ್ದು. ಈ ಜೋಡಿ ಅಪರೂಪ. ಕೊಳ್ಳುವಾಗ ಓಮ್ ನೋಡಿ ಕೊಳ್ಳಿ. ಫೋನು, ಲ್ಯಾಪ್‌ಟಾಪಿಗೆ 32 ಅಥವಾ 80 ಓಮ್‌ನದು ಸಾಕು. 250 ಓಮ್‌ನದು ಸ್ಟುಡಿಯೊ ಮಂದಿಗೆ.

ತೂಕ, ಬಿಗಿ

ತೂಕದ ಲೆಕ್ಕ ಒಂದೆರಡು ಹೇಳುತ್ತೇನೆ. ಸೋನಿ ಡಬ್ಲ್ಯೂಎಚ್-ಸಿಎಚ್720ಎನ್ 192 ಗ್ರಾಂ. ಓವರ್ ಇಯರ್, ಎಎನ್‌ಸಿ ಬೇರೆ ಇದೆ, ಅಷ್ಟಿದ್ದೂ 200ರ ಒಳಗೆ. ಬೋಸ್ ಕ್ವಯಟ್‌ಕಂಫರ್ಟ್ 45 ಸುಮಾರು 240. ಸೋನಿ ಡಬ್ಲ್ಯೂಎಚ್-1000ಎಕ್ಸ್‌ಎಂ5 250. ಆಪಲ್ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385. ಅಂದರೆ 720ಎನ್‌ನ ಎರಡರಷ್ಟು.

ಹಾಗಂತ ಹಗುರ ಇದ್ದದ್ದೆಲ್ಲ ಸುಖ ಅಲ್ಲ. ಏರ್‌ಪಾಡ್ಸ್ ಮ್ಯಾಕ್ಸ್‌ಗೆ ನೆತ್ತಿ ಮೇಲೆ ಅಗಲವಾದ ಹೆಣೆದ ಜಾಲರಿ ಇದೆ, ಭಾರ ಹಂಚಿಹೋಗುತ್ತದೆ. ಕಡಿಮೆ ತೂಕದ ಸೋವಿ ಹೆಡ್‌ಫೋನಿಗೆ ಬೆರಳಗಲದ ಪ್ಲಾಸ್ಟಿಕ್ ಪಟ್ಟಿ ಇದ್ದರೆ ಆ ಹಗುರ ತೂಕವೇ ನೆತ್ತಿ ಕೊರೆಯುತ್ತದೆ. ನಮ್ಮ ಕಡೆ ಹೆಂಗಸರು ಕೊಡ ಹೊರುವಾಗ ಸಿಂಬಿ ಇಟ್ಟುಕೊಳ್ಳುತ್ತಾರಲ್ಲ, ಪಟ್ಟಿಯ ಮೆತ್ತೆ ಮಾಡುವ ಕೆಲಸವೂ ಅದೇ. ಆದರೂ ನನ್ನ ಲೆಕ್ಕದಲ್ಲಿ ನಾಲ್ಕು ಗಂಟೆ ಮೇಲೆ ಹಾಕೋರು 260 ಗ್ರಾಂ ಒಳಗೆ ಇರೋದು ಒಳ್ಳೆಯದು. ತಲೆ ಬಗ್ಗಿಸಿ ಬರೆಯೋರು ಇನ್ನೂ ಕಡಿಮೆ, ಯಾಕಂದರೆ ತಲೆ ಬಗ್ಗಿಸಿದಷ್ಟೂ ಕುತ್ತಿಗೆ ಮೇಲೆ ಭಾರ ಜಾಸ್ತಿ.

ಬಿಗಿ ಬೇರೆ ವಿಷಯ. ಸ್ಟುಡಿಯೊಗೆ ಅಂತ ಮಾಡಿದವು ಹೊಸದರಲ್ಲಿ ಬಿಗಿಯಾಗೇ ಇರುತ್ತವೆ. ಅಲುಗಾಡಬಾರದು, ಸದ್ದು ಸೋರಬಾರದು ಅಂತ. ಆಡಿಯೊ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ ಅಂಥದ್ದು, 285 ಗ್ರಾಂ. ದಿನ ಕಳೆದಂತೆ ಸ್ವಲ್ಪ ಸಡಿಲ ಆಗುತ್ತದೆ. ಬೇಗ ಆಗಬೇಕಾದರೆ ರಾತ್ರಿ ಮಲಗುವಾಗ ನಿಮ್ಮ ತಲೆಗಿಂತ ಒಂದಿಷ್ಟೇ ಅಗಲ ಆಗುವಷ್ಟು ಪುಸ್ತಕ ಜೋಡಿಸಿ ಅದಕ್ಕೆ ಹಾಕಿಡಿ. ನಾಲ್ಕೈದು ರಾತ್ರಿ. ಕೈಯಿಂದ ಎಳೆದು ಅಗಲ ಮಾಡಬೇಡಿ, ಪ್ಲಾಸ್ಟಿಕ್ ಕೀಲು ಟಪ್ ಅಂತ ಮುರಿಯುತ್ತದೆ. ಒಳಗೆ ಉಕ್ಕಿನ ಪಟ್ಟಿ ಇದ್ದರೆ ಬಗ್ಗುತ್ತದೆ, ಬರೀ ಪ್ಲಾಸ್ಟಿಕ್ ಇದ್ದರೆ ಇಲ್ಲ.

ಕುಶನ್, ಎಣ್ಣೆ, ಓಲೆ, ಚಷ್ಮಾ

ನಾನು ಬಹಳ ದುಡ್ಡು ಕಳಕೊಂಡದ್ದು ಇಲ್ಲಿ. ಹೆಚ್ಚಿನ ಹೆಡ್‌ಫೋನಿಗೆ ಇರೋದು ತೊಗಲಲ್ಲ, ತೊಗಲಿನ ಹಾಗೆ ಕಾಣುವ ರೆಕ್ಸಿನ್. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಬಳಿದಿರುತ್ತಾರೆ. ಬೆವರು, ಶಾಖ ಎರಡೂ ಸೇರಿದರೆ ಆ ಪದರ ಒಳಗಿಂದ ಸಡಿಲವಾಗಿ ಸಿಪ್ಪೆ ಏಳುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಾಕಿದರೆ ನೆತ್ತಿ ಪಟ್ಟಿಯ ರೆಕ್ಸಿನ್ ಇನ್ನೂ ಬೇಗ ಹೋಗುತ್ತದೆ. ಎಣ್ಣೆ ಬಿಡಿ ಅಂತ ನಾನು ಹೇಳೋದಿಲ್ಲ. ಎಣ್ಣೆ ಹಚ್ಚಿದ ದಿನ ತಲೆಗೆ ಒಂದು ತೆಳು ಹತ್ತಿ ಬಟ್ಟೆ ಕಟ್ಟಿಕೊಂಡು ಅದರ ಮೇಲೆ ಹಾಕಿ.

ಮಖಮಲ್ಲಿನಂಥ ಮೆತ್ತೆ, ಅದನ್ನು ವೆಲೂರ್ ಅನ್ನುತ್ತಾರೆ, ಬೆವರಿಗೆ ಅಂಟೋದಿಲ್ಲ, ಸಿಪ್ಪೆ ಏಳೋದಿಲ್ಲ. ಧೂಳು ಹಿಡಿಯುತ್ತದೆ ಅನ್ನೋದೊಂದೇ ತೊಂದರೆ. ಜಾಲಿ ಬಟ್ಟೆಯದು ಇನ್ನೂ ತಣ್ಣಗೆ. ಇವೆರಡೂ ಸದ್ದನ್ನು ರೆಕ್ಸಿನ್‌ನಷ್ಟು ತಡೆಯೋದಿಲ್ಲ, ದಪ್ಪ ದನಿ ಸ್ವಲ್ಪ ಸೋರುತ್ತದೆ. ಮಾತು ಕೇಳೋರಿಗೆ ಅದರಿಂದ ನಷ್ಟ ಏನೂ ಇಲ್ಲ.

ನೀವು ಯಾವುದೇ ಕೊಳ್ಳಿ, ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು. ಇದರ ಕುಶನ್ ಬೇರೆ ಸಿಗುತ್ತದಾ? ಸಿಗೋದಿಲ್ಲ ಅಂದರೆ ಆ ಹೆಡ್‌ಫೋನಿನ ಆಯುಷ್ಯ ಕುಶನ್‌ನ ಆಯುಷ್ಯ ಎಷ್ಟೋ ಅಷ್ಟೇ. ನಮ್ಮ ಬಿಸಿಲಲ್ಲಿ ಅದು ಎರಡು ಬೇಸಿಗೆ ದಾಟೋದು ಕಷ್ಟ.

ಈಗ ಹೆಂಗಸರಿಗೆ ಒಂದು ಮಾತು, ಯಾಕಂದರೆ ಇದನ್ನು ಯಾರೂ ಬರೆಯೋದಿಲ್ಲ. ಓಲೆಯ ತಿರುಪು. ಓವರ್ ಇಯರ್ ಕಪ್ಪಿನ ಕೆಳ ಅಂಚು ಕಿವಿಯ ಹಾಲೆ ಮೇಲೆ ಬಂದರೆ, ಹಿಂದಿನ ತಿರುಪು ಕುತ್ತಿಗೆ ಕಡೆಗೆ ಚುಚ್ಚುತ್ತದೆ. ಒಂದು ಗಂಟೆಯಲ್ಲಿ ಅಲ್ಲೊಂದು ಸಣ್ಣ ಕೆಂಪು ಗುಳಿ. ದಿನಾ ಆದರೆ ಗಾಯ. ಹಾಗಾಗಿ ಅಂಗಡಿಗೆ ಹೋಗುವಾಗ ದಿನಾ ಹಾಕುವ ಓಲೆ ಹಾಕಿಕೊಂಡೇ ಹೋಗಿ ನೋಡಿ. ಕಪ್ಪಿನ ಒಳಗೆ ಎರಡು ಬೆರಳು ಹಾಕಿ, ಹಾಲೆ ಸಮೇತ ಪೂರ್ತಿ ಕಿವಿ ಒಳಗೆ ಕೂತಿದೆಯಾ ನೋಡಿ. ಜುಮುಕಿ, ರಿಂಗ್ ಹಾಕೋರು ಕೆಲಸದ ಹೊತ್ತಿಗೆ ತೆಗೆದಿಡೋದೇ ವಾಸಿ. ತಲೆಗೆ ಸ್ಕಾರ್ಫ್ ಕಟ್ಟುವ ಹೆಣ್ಣುಮಕ್ಕಳಿಗೆ, ಬಟ್ಟೆ ಮೇಲೆ ಓವರ್ ಇಯರ್ ಹಾಕಿದರೆ ಸದ್ದು ಸೋರುತ್ತದೆ, ಎಎನ್‌ಸಿ ಕೂಡ ಅಷ್ಟು ಹಿಡಿಯೋದಿಲ್ಲ. ಅವರಿಗೆ ಬಟ್ಟೆ ಒಳಗೆ ಕೂರುವ ನೆಕ್‌ಬ್ಯಾಂಡ್ ಅಥವಾ ಸಣ್ಣ ಬಡ್ಸ್ ಸರಿ. ತುರುಬು ಎತ್ತರಕ್ಕೆ ಕಟ್ಟಿದರೆ ಪಟ್ಟಿ ಮುಂದಕ್ಕೆ ಜಾರುತ್ತದೆ, ಹೆಡ್‌ಫೋನ್ ಹಾಕುವ ದಿನ ಜಡೆ ಒಳ್ಳೆಯದು.

ಚಷ್ಮಾ ಹಾಕೋರ ಕಷ್ಟ ನಾನು ನೋಡಿದ್ದು ಅಪ್ಪನಲ್ಲಿ. ದಪ್ಪ ಪ್ಲಾಸ್ಟಿಕ್ ಫ್ರೇಮು. ಕುಶನ್ ಬಂದು ಚಷ್ಮಾದ ಕಡ್ಡಿಯನ್ನು ತಲೆಗೆ ಒತ್ತುತ್ತದೆ, ಕಿವಿ ಮೇಲೆ ಗೆರೆ ಬೀಳುತ್ತದೆ. "ಕೇಳಲಿಕ್ಕ ಛಲೋ ಅದ, ಖರೆ ಅರ್ಧ ತಾಸಿಗೇ ಕಣತಲಿ ನೋಯ್ಲತ್ತದ" ಅಂತ ಪಕ್ಕಕ್ಕಿಟ್ಟರು. ತೆಳು ಲೋಹದ ಕಡ್ಡಿಯ ಚಷ್ಮಾ, ಮೆದುವಾದ ದಪ್ಪ ಕುಶನ್, ಕಡಿಮೆ ಬಿಗಿ, ಈ ಮೂರೂ ಸೇರಿದರೆ ಮಾತ್ರ ಆಗುತ್ತದೆ. ಅಪ್ಪನಿಗೆ ಕೊನೆಗೆ ಕಿವಿ ತೆರೆದಿರುವ ಬಗೆಯನ್ನೇ ತಂದೆವು. ಬೆಳಿಗ್ಗೆ ಊರಲ್ಲಿರುವ 'ಅಪ್ಪನ ಕೆರೆ' ಅನ್ನುವ ಕೆರೆ ಸುತ್ತ ವಾಕಿಂಗ್ ಹೋಗುವಾಗ ವಚನ ಕೇಳುತ್ತಾರೆ, ಹಿಂದಿನಿಂದ ಬಂದ ಗಾಡಿಯ ಹಾರ್ನೂ ಕೇಳುತ್ತದೆ. ಅವರಿಗೆ ಅದು ಸರಿಹೋಗಿದೆ.

ವೈರು, ವೈರ್‌ಲೆಸ್

ಇದರಲ್ಲಿ ಜಾಸ್ತಿ ಹೇಳೋದೇನಿಲ್ಲ. ವೈರಿನದು ಹಗುರ, ಚಾರ್ಜ್ ಚಿಂತೆ ಇಲ್ಲ, ಮಾತು ತಡವಾಗಿ ಕೇಳೋದಿಲ್ಲ. ಕರೆಂಟು ಹೋಗುವ ಹೊತ್ತು ಗೊತ್ತಿಲ್ಲದ ಕಡೆ ಅದು ದೊಡ್ಡ ನೆಮ್ಮದಿ. ವೈರ್‌ಲೆಸ್ ಕೊಳ್ಳೋದಾದರೆ 3.5 ಎಂಎಂ ತೂತು ಇದೆಯಾ ನೋಡಿ. 720ಎನ್, ಎಕ್ಸ್‌ಎಂ5 ಎರಡಕ್ಕೂ ಇದೆ, ಬ್ಯಾಟರಿ ಸತ್ತರೂ ವೈರ್ ಹಾಕಿ ಕೇಳಬಹುದು. ಸಿಎಚ್520ಗೆ ಇಲ್ಲ.

ಯಾರಿಗೆ ಯಾವುದು

ಪರೀಕ್ಷೆಗೆ ಓದುವ ಹುಡುಗರು, ಹಾಸ್ಟೆಲ್‌ನಲ್ಲಿ ಅಥವಾ ಬಾಡಿಗೆ ಕೋಣೆಯಲ್ಲಿ ನಾಲ್ಕು ಜನ ಇರೋರು, ದಿನಕ್ಕೆ ಐದಾರು ಗಂಟೆ ಆನ್‌ಲೈನ್ ಕ್ಲಾಸ್ ಕೇಳೋರು: ಓಪನ್ ಬ್ಯಾಕ್ ಬೇಡ, ನಿಮ್ಮ ಪಾಠ ಪಕ್ಕದವನಿಗೂ ಕೇಳುತ್ತದೆ. 720ಎನ್ ಥರದ ಹಗುರ ಎಎನ್‌ಸಿ ಓವರ್ ಇಯರ್ ತೆಗೆದುಕೊಳ್ಳಿ. ಅಷ್ಟು ದುಡ್ಡಿಲ್ಲದಿದ್ದರೆ ಹಗುರ ಆನ್ ಇಯರ್ ಒಂದು, ಮನೆಯಲ್ಲಿ ಬಿದ್ದಿರುವ ಸಾದಾ ವೈರ್ ಇಯರ್‌ಫೋನ್ ಒಂದು, ಎರಡನ್ನೂ ಇಟ್ಟುಕೊಂಡು ಒಂದೊಂದು ಕ್ಲಾಸಿಗೆ ಒಂದೊಂದು ಬದಲಿಸಿ. ಒತ್ತುವ ಜಾಗ ಬದಲಾದರೆ ಕಿವಿಗೆ ಅರ್ಧ ವಿಶ್ರಾಂತಿ ಸಿಕ್ಕ ಹಾಗೆ. ಇದು ಬಹಳ ಸೋವಿ ಉಪಾಯ, ನಾನು ಇವತ್ತಿಗೂ ಮಾಡುತ್ತೇನೆ.

ಒಬ್ಬರೇ ಕೂತು ಕೆಲಸ ಮಾಡೋರು, ಕೋಣೆ ಶಾಂತ ಇರೋರು, ಅಥವಾ ಕೂಲರ್ ಬದಲು ಎಸಿ ಇರೋರು: ಕಣ್ಣು ಮುಚ್ಚಿ ಓಪನ್ ಬ್ಯಾಕ್. ನನ್ನ ಪ್ರಕಾರ ಇಷ್ಟು ಸುಖ ಬೇರೆ ಯಾವುದರಲ್ಲೂ ಇಲ್ಲ. ಬ್ಲೂಟೂತ್ ಇಲ್ಲ, ನೋಡೋಕೆ ದೊಡ್ಡದು, ಅದೆಲ್ಲ ಎರಡು ದಿನದಲ್ಲಿ ಮರೆತುಹೋಗುತ್ತದೆ.

ರಾತ್ರಿ ರೈಲಲ್ಲಿ ಬೆಂಗಳೂರಿಗೆ ಹೋಗಿಬರೋರು ಓವರ್ ಇಯರ್ ಹಾಕಿ ಮಗ್ಗುಲಿಗೆ ಮಲಗೋಕಾಗೋದಿಲ್ಲ. ಸಣ್ಣ ಬಡ್ಸ್ ಸಾಕು. ಚೀಲದಲ್ಲಿ ಇಡೋಕೆ ದೊಡ್ಡದೇ ಬೇಕು ಅಂದರೆ ಮಡಚುವಂಥದ್ದು ನೋಡಿ. ಸೋನಿ ಎಕ್ಸ್‌ಎಂ5ರ ಹಿಂದಿನ ಮಾಡೆಲ್ ಎಕ್ಸ್‌ಎಂ4 ಮಡಚುತ್ತದೆ, ಎಕ್ಸ್‌ಎಂ5 ಮಡಚೋದಿಲ್ಲ.

ಕಾಲ್ ಸೆಂಟರ್ ಥರ ಮನೆಯಿಂದ ಫೋನಲ್ಲಿ ಮಾತಾಡುವ ಕೆಲಸದವರಿಗೆ ಒಂದೇ ಕಿವಿಗೆ ಹಾಕುವ ಹೆಡ್‌ಸೆಟ್ ಸಿಗುತ್ತದೆ. ಒಂದು ಕಿವಿ ಖಾಲಿ. ತಾಸಿಗೊಮ್ಮೆ ಕಿವಿ ಬದಲಿಸಬಹುದು. ಸೆಖೆಗೆ ಇದಕ್ಕಿಂತ ಒಳ್ಳೆಯದಿಲ್ಲ.

ಅಂಗಡಿಯಲ್ಲಿ

ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಅಂಗಡಿಗಳಲ್ಲಿ ಡಬ್ಬಿ ಬಿಚ್ಚಿ ಕೊಡೋದು ಕಡಿಮೆ. ಡೆಮೊ ಪೀಸ್ ಇದೆಯಾ ಅಂತ ಕೇಳಿ. ಇದ್ದರೆ ಎರಡು ನಿಮಿಷ ಹಾಡು ಕೇಳಿ ವಾಪಸ್ ಕೊಡಬೇಡಿ. ಮಂದಿ ಕಡಿಮೆ ಇರುವ ಹೊತ್ತು, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋಗಿ, ಹೇಳಿಕೇಳಿ ಇಪ್ಪತ್ತು ನಿಮಿಷ ಹಾಕಿಕೊಂಡು ನಿಲ್ಲಿ. "ಅಣ್ಣಾರ, ದಿನಾ ಆರು ತಾಸ ಹಾಕ್ಕೊಳ್ಳೋದದ, ಸ್ವಲ್ಪ ಹೊತ್ತು ಹಾಕ್ಕೊಂಡು ನೋಡ್ತೀನ್ರಿ" ಅಂದರೆ ಬಹಳ ಜನ ಬೇಡ ಅನ್ನೋದಿಲ್ಲ. ತಲೆ ಬಗ್ಗಿಸಿ, ಆಚೀಚೆ ತಿರುಗಿಸಿ, ಬಾಯಿ ಅಗಲ ತೆರೆದು ಮುಚ್ಚಿ. ದವಡೆಗೆ ತಾಗಿದರೆ ಆಗಲೇ ಗೊತ್ತಾಗುತ್ತದೆ. ಹಾಡಿನ ಬದಲು ಮಾತು ಕೇಳಿ ನೋಡಿ. ಆಮೇಲೆ ತೆಗೆದು ಕನ್ನಡಿಯಲ್ಲಿ ಕಿವಿ ನೋಡಿಕೊಳ್ಳಿ. ಎಲ್ಲಿ ಕೆಂಪಾಗಿದೆಯೋ ಮೂರು ಗಂಟೆ ಆದಮೇಲೆ ನೋಯೋದು ಅಲ್ಲೇ.

ಆನ್‌ಲೈನ್ ತರಿಸೋದಾದರೆ ರಿಟರ್ನ್ ಅಂತ ಬರೆದದ್ದನ್ನು ಪೂರ್ತಿ ಓದಿ. ಹಲವು ಕಡೆ ಕೆಟ್ಟಿದ್ದರೆ ಬದಲಿಸಿ ಕೊಡುತ್ತಾರೆ, ಕಿವಿಗೆ ಒಗ್ಗಲಿಲ್ಲ ಅಂದರೆ ದುಡ್ಡು ವಾಪಸ್ ಇಲ್ಲ. ನಾನು ಒಂದನ್ನು ಹಾಗೇ ತರಿಸಿ, ನೋಯುತ್ತದೆ ಅಂತ ಬರೆದರೆ, ಅದೇ ಮಾಡೆಲ್ಲಿನ ಇನ್ನೊಂದು ಡಬ್ಬಿ ಬಂತು. ಅದೂ ಅಷ್ಟೇ ನೋಯಿಸಿತು.

ಕಿವಿಗೂ ಬಿಡುವು ಕೊಡಿ

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಲೆಕ್ಕ, 80 ಡೆಸಿಬಲ್ ಇದ್ದರೆ ವಾರಕ್ಕೆ 40 ಗಂಟೆ. 90ಕ್ಕೆ ಏರಿದರೆ ಬರೀ 4 ಗಂಟೆ. ದಿನಕ್ಕೆ ಆರು ಗಂಟೆ ಕೇಳುವ ನಾವು ಆ 40ರ ಗೆರೆ ಮೇಲೇ ಇದ್ದೇವೆ, ವಾಲ್ಯೂಮ್ ಏರಿಸುವ ಅವಕಾಶ ನಮಗೆ ಇಲ್ಲ. ಸೆಖೆಗೂ ನೋವಿಗೂ ಒಗ್ಗಿಕೊಳ್ಳಬಹುದೇನೋ, ಹೋದ ಕಿವಿ ಮಾತ್ರ ವಾಪಸ್ ಬರೋದಿಲ್ಲ. ಫೋನಿನಲ್ಲಿ ವಾಲ್ಯೂಮ್ ಮಿತಿ ಇಡುವ ಸೆಟ್ಟಿಂಗ್ ಇರುತ್ತದೆ, ಇವತ್ತೇ ಹಾಕಿಡಿ. ತಾಸಿಗೊಮ್ಮೆ ಐದು ನಿಮಿಷ ತೆಗೆದು, ಒಣ ಬಟ್ಟೆಯಿಂದ ಕಿವಿ ಹಿಂದೆ ಒರೆಸಿಕೊಂಡು, ಎದ್ದು ನೀರು ಕುಡಿದು ಬನ್ನಿ.

ಈಗ ನನ್ನ ಹತ್ತಿರ ಎರಡಿವೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ, ಕೂಲರ್ ಹಚ್ಚುವ ಮುಂಚೆ, ಓಪನ್ ಬ್ಯಾಕ್. ಕಷ್ಟದ ರೆಕಾರ್ಡಿಂಗ್, ಗಾಳಿ ಸದ್ದು ಇರುವ ಹಳ್ಳಿಯ ಮಾತು, ಎಲ್ಲ ಆ ಹೊತ್ತಿಗೇ ಮುಗಿಸುತ್ತೇನೆ. ಮಧ್ಯಾಹ್ನ ಎಎನ್‌ಸಿ ಇರುವುದು, ಅದರ ಕುಶನ್ ಮೇಲೆ ಎಳೆದು ಹಾಕುವ ಹತ್ತಿ ಬಟ್ಟೆಯ ಕವರ್. ಈ ಕವರ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಹಳೇ ಬನಿಯನ್ ಬಟ್ಟೆಯಿಂದ ಮನೆಯಲ್ಲೂ ಹೊಲಿಯಬಹುದು, ಅಂಚಿಗೆ ಇಲಾಸ್ಟಿಕ್ ಹಾಕಿದರೆ ಸಾಕು. ಬಟ್ಟೆ ತೆಳುವಾಗಿರಲಿ, ದಪ್ಪ ಇದ್ದರೆ ಎಎನ್‌ಸಿ ಸೋರುತ್ತದೆ. ಎರಡು ಜೊತೆ ಮಾಡಿಟ್ಟುಕೊಳ್ಳಿ. ಒಂದನ್ನು ಒಗೆದು ಮಾಳಿಗೆ ಮೇಲೆ ಹಾಕಿದರೆ ನಮ್ಮ ಬಿಸಿಲಿಗೆ ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ.